ಪುಟ್ಟ ಎಫ್‌ಎಂ ಬರಲಿ, ಅಜ್ಜನ ರೇಡಿಯೊವೂ ಇರಲಿ

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜಾಸ್ಪರ್ ಎಂಬ ಸಣ್ಣ ಊರಿದೆ. 2024ರ ಫೆಬ್ರುವರಿಯಲ್ಲಿ ಅಲ್ಲಿನ ಎಎಂ ರೇಡಿಯೊ ಕೇಂದ್ರವೊಂದು ವಿಚಿತ್ರ ದೂರು ಕೊಟ್ಟಿತು: ನಮ್ಮ 200 ಅಡಿ ಎತ್ತರದ ಗೋಪುರವೇ ಕಳುವಾಗಿದೆ! ಸುದ್ದಿ ಓದಿ ಹಾಸ್ಟೆಲಿನಲ್ಲಿ ನಾವೆಲ್ಲ ನಕ್ಕಿದ್ದೆವು. ಆದರೆ ನನ್ನ ಕುತೂಹಲ ಕೆಣಕಿದ್ದು ಆಮೇಲಿನ ಸಂಗತಿ. ಆ ಕೇಂದ್ರಕ್ಕೆ ಒಂದು ಪುಟ್ಟ ಎಫ್‌ಎಂ ಪ್ರಸಾರವೂ ಇತ್ತು. ಅದಕ್ಕೇನೂ ಆಗಿರಲಿಲ್ಲ. ಆದರೂ ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ, ಎಎಂ ನಿಂತಿರುವಾಗ ಎಫ್‌ಎಂ ನಡೆಸುವಂತಿಲ್ಲ ಎಂದುಬಿಟ್ಟಿತು.

ಇದೆಂಥ ನ್ಯಾಯ ಎಂದು ಮೊದಲು ಅನ್ನಿಸಿತು. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಯಾದ ನಾನು ಆ ನಿಯಮದ ಹಿನ್ನೆಲೆ ಹುಡುಕುತ್ತಾ ಹೋದೆ. ಈಗ ಅದು ಸರಿ ಎನ್ನಿಸುತ್ತಿದೆ. ಮಾತ್ರವಲ್ಲ, ನಮಗೂ ಅದರಲ್ಲಿ ಕಲಿಯುವುದಿದೆ.

ಎಎಂ ಕೇಂದ್ರದ ಕಾರ್ಯಕ್ರಮವನ್ನೇ ಎಫ್‌ಎಂನಲ್ಲಿ ಮರುಪ್ರಸಾರ ಮಾಡುವ ಸಣ್ಣ ಪ್ರಸಾರಕಕ್ಕೆ ಅಮೆರಿಕದಲ್ಲಿ 'ಟ್ರಾನ್ಸ್‌ಲೇಟರ್' ಎನ್ನುತ್ತಾರೆ. ಅದರ ಗರಿಷ್ಠ ಶಕ್ತಿ 250 ವಾಟ್. 2009ರಲ್ಲಿ ಎಎಂ ಕೇಂದ್ರಗಳಿಗೆ ಇದನ್ನು ಬಳಸಲು ಅನುಮತಿ ಸಿಕ್ಕಿತು. ಅದರ ಅಗತ್ಯವೂ ಇತ್ತು. ಹೊತ್ತು ಮುಳುಗಿದ ಮೇಲೆ ಎಎಂ ಅಲೆಗಳು ಆಕಾಶದ ಅಯಾನುಗೋಳದಿಂದ ಪ್ರತಿಫಲಿಸಿ ನೂರಾರು ಮೈಲಿ ಸಾಗುತ್ತವೆ, ಬೇರೆ ಕೇಂದ್ರಗಳಿಗೆ ಅಡ್ಡ ಬರುತ್ತವೆ. ಹಾಗಾಗಿ ಎಷ್ಟೋ ಸಣ್ಣ ಕೇಂದ್ರಗಳು ರಾತ್ರಿ ಶಕ್ತಿ ತಗ್ಗಿಸಬೇಕು, ಇಲ್ಲವೇ ಬಾಯಿ ಮುಚ್ಚಬೇಕು. ಸಂಜೆಯ ಶಾಲಾ ಪಂದ್ಯದ ವಿವರಣೆ ಊರವರಿಗೇ ಕೇಳುವುದಿಲ್ಲ. ಎಫ್‌ಎಂಗೆ ಆ ತೊಂದರೆಯಿಲ್ಲ.

2015ರಲ್ಲಿ ಎಎಂ ಪುನಶ್ಚೇತನದ ಆದೇಶ ಬಂತು. ಅದಕ್ಕಾಗಿ ಹೆಚ್ಚು ದನಿ ಎತ್ತಿದವರು ಆಗ ಎಫ್‌ಸಿಸಿ ಸದಸ್ಯರಾಗಿದ್ದ, ಭಾರತದಿಂದ ವಲಸೆ ಹೋದ ವೈದ್ಯ ದಂಪತಿಯ ಮಗ ಅಜಿತ್ ಪೈ. 2017 ಮತ್ತು 2018ರಲ್ಲಿ ಎಎಂ ಕೇಂದ್ರಗಳಿಗೆಂದೇ ಹೊಸ ಟ್ರಾನ್ಸ್‌ಲೇಟರ್‌ಗಳಿಗೆ ಅರ್ಜಿ ಕರೆದರು. ಷರತ್ತು ಒಂದೇ: ಆ ಟ್ರಾನ್ಸ್‌ಲೇಟರನ್ನು ಎಎಂ ಕೇಂದ್ರದಿಂದ ಬಿಡಿಸಿ ಬೇರೆಯವರಿಗೆ ಮಾರುವಂತಿಲ್ಲ. ಜಾಸ್ಪರ್‌ನಲ್ಲಿ ಎಫ್‌ಎಂ ನಿಂತದ್ದರ ಹಿಂದೆಯೂ ಇದೇ ತರ್ಕವಿದೆ. ಎಫ್‌ಎಂ ಕೊಟ್ಟದ್ದು ಎಎಂಗೆ ಊರುಗೋಲಾಗಿ, ಅದರ ಜಾಗ ಕಬಳಿಸಲು ಅಲ್ಲ.

ಈಗ ನಮ್ಮೂರಿಗೆ ಬರೋಣ. ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ. ಅಜ್ಜನಿಗೆ ಇವತ್ತಿಗೂ ಧಾರವಾಡ ಆಕಾಶವಾಣಿಯೇ ಬೇಕು. 765 ಕಿಲೋಹರ್ಟ್ಸ್ ಮೇಲೆ ಮುಳ್ಳು ನಿಲ್ಲಿಸಿ, ಅದನ್ನು ಯಾರೂ ಮುಟ್ಟದಂತೆ ರೇಡಿಯೊ ಗೂಡಿನಲ್ಲಿಟ್ಟಿದ್ದಾರೆ. ಹೋದ ರಜೆಯಲ್ಲಿ ಕರೆದು ಹೇಳಿದರು: "ಏನಪಾ ಇಂಜಿನಿಯರ, ಸಂಜಿ ಆತಂದ್ರ ಇದು ಗರ್ ಅಂತೈತಿ. ಏನಾಗೈತಿ ನೋಡು." ರೇಡಿಯೊಗೆ ಏನೂ ಆಗಿರಲಿಲ್ಲ. ಪಡಸಾಲೆಯ ಎಲ್‌ಇಡಿ ಬಲ್ಬ್ ಆರಿಸಿ, ಮೊಬೈಲ್ ಚಾರ್ಜರ್ ಕಿತ್ತೆ. ಧ್ವನಿ ತಿಳಿಯಾಯಿತು. ಅಗ್ಗದ ಬಲ್ಬು, ಚಾರ್ಜರ್, ಇನ್ವರ್ಟರ್‌ಗಳು ಹೊಮ್ಮಿಸುವ ವಿದ್ಯುತ್ ಗದ್ದಲ ಎಎಂ ತರಂಗಾಂತರಕ್ಕೇ ಬಂದು ಬೀಳುತ್ತದೆ. "ಹಂಗಾರ ಕತ್ತಲಾಗ ಕುಂತು ಕೇಳಬೇಕೇನು?" ಎಂದರು ಅಜ್ಜ. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಸಣ್ಣ ಎಫ್‌ಎಂನಲ್ಲಿದೆ. ನಮ್ಮಲ್ಲೂ ಆ ಪ್ರಯತ್ನ ನಡೆದಿದೆ. 2023ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಆಕಾಶವಾಣಿಯ 91 ಎಫ್‌ಎಂ ಪ್ರಸಾರಕಗಳು ಒಂದೇ ದಿನ ಉದ್ಘಾಟನೆಯಾದವು. ಒಂದೊಂದರ ಶಕ್ತಿ 100 ವಾಟ್. ಇದು ಸ್ವಾಗತಾರ್ಹ. ಆದರೆ ಎರಡು ಮಾತು ಹೇಳಲೇಬೇಕು.

ಮೊದಲನೆಯದು, ಎಫ್‌ಎಂ ಬಂತೆಂದು ದೊಡ್ಡ ಎಎಂ ಗೋಪುರಗಳಿಗೆ ವಿದಾಯ ಹೇಳಬಾರದು. 100 ವಾಟ್‌ನ ಎಫ್‌ಎಂ ಹತ್ತು ಹದಿನೈದು ಕಿಲೋಮೀಟರ್ ಮುಟ್ಟಿದರೆ ಹೆಚ್ಚು. ಗುಡ್ಡ ಅಡ್ಡ ಬಂದರೆ ಅದೂ ಇಲ್ಲ. ಧಾರವಾಡದ ಎಎಂ ಪ್ರಸಾರಕದ್ದು 200 ಕಿಲೋವಾಟ್. ಅದರ ಅಲೆ ನೆಲಕ್ಕೆ ಅಂಟಿಕೊಂಡು ಗುಡ್ಡ ಬಳಸಿ, ಜಿಲ್ಲೆಗಳನ್ನು ದಾಟಿ ಹೋಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ, ಮೊಬೈಲ್ ಟವರ್ ಬ್ಯಾಟರಿಯೂ ಮುಗಿದಾಗ, ಎರಡು ಸೆಲ್ ಹಾಕಿದ ರೇಡಿಯೊಗೆ ಸುದ್ದಿ ಮುಟ್ಟಿಸುವುದು ಅದೇ. "ಆಪ್ ಇದೆಯಲ್ಲ, ಅದರಲ್ಲಿ ಕೇಳಲಿ" ಎನ್ನುವ ಗೆಳೆಯರಿದ್ದಾರೆ. ಆಕಾಶವಾಣಿಯ ಆಪ್ ನಾನೂ ಬಳಸುತ್ತೇನೆ, ಚೆನ್ನಾಗಿದೆ. ಆದರೆ ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ಅದು ತೆರೆಯುವುದೇ ಇಲ್ಲ.

ಎರಡನೆಯದು, ಸಣ್ಣ ಎಫ್‌ಎಂ ಬರೀ ಮರುಪ್ರಸಾರಕ್ಕೆ ಸೀಮಿತವಾಗಬಾರದು. ದಿನಕ್ಕೆ ಒಂದು ಗಂಟೆಯಾದರೂ ಆ ಊರಿನ ಮಾತು ಬರಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಎಷ್ಟು, ಯಾವ ಕೆರೆ ತುಂಬಿದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಇಂದು ಯಾವ ವೈದ್ಯರಿದ್ದಾರೆ, ಯಾವ ನೇಮಕಾತಿಗೆ ಅರ್ಜಿ ಹಾಕಲು ನಾಳೆ ಕೊನೆಯ ದಿನ. ಇವನ್ನು ದೂರದ ನಗರದ ಸ್ಟುಡಿಯೊ ಹೇಳಲಾರದು.

ಇದಕ್ಕೆ ಜನ ಎಲ್ಲಿ ಎಂದು ಕೇಳಬಹುದು. ನಾವೇ ಇದ್ದೇವೆ! ಸಣ್ಣ ಪ್ರಸಾರಕವೊಂದನ್ನು ಗಾಳಿಗೆ ತರುವ ಕೆಲಸದಲ್ಲಿ ಎಷ್ಟು ಕಲಿಕೆಯಿದೆ ನೋಡಿ. ಅಕ್ಕಪಕ್ಕದ ಕೇಂದ್ರಗಳಿಗೆ ಅಡ್ಡಿಯಾಗದ ತರಂಗಾಂತರ ಹುಡುಕಬೇಕು. ಭೂಪಟದ ಮೇಲೆ ವ್ಯಾಪ್ತಿಯ ಗೆರೆ ಎಳೆಯಬೇಕು. ಹೊಸ ಗೋಪುರದ ಖರ್ಚು ಉಳಿಸಲು ಇರುವ ಗೋಪುರದಲ್ಲಿ ಜಾಗ ಕೇಳಬೇಕು. ಎಫ್‌ಎಂನಲ್ಲಿ ವಾಟ್‌ಗಿಂತ ಆಂಟೆನಾದ ಎತ್ತರವೇ ಮುಖ್ಯ ಎಂಬುದು ಆಗ ಅರ್ಥವಾಗುತ್ತದೆ. ಕೇಬಲ್‌ನಲ್ಲಿ ಸೋರುವ ಶಕ್ತಿ ಲೆಕ್ಕ ಹಾಕಬೇಕು, ಸಿಡಿಲಿನಿಂದ ರಕ್ಷಣೆಗೆ ಅರ್ಥಿಂಗ್ ಮಾಡಬೇಕು, ಸ್ಟುಡಿಯೊದ ಧ್ವನಿ ಪ್ರಸಾರಕದವರೆಗೆ ತಡೆಯಿಲ್ಲದೆ ತಲುಪಿಸಬೇಕು. ಪುಸ್ತಕದಲ್ಲಿ ಮಾಡ್ಯುಲೇಷನ್ ಸೂತ್ರ ಬಾಯಿಪಾಠ ಮಾಡಿ ಅಂಕ ಗಳಿಸಿದ ನನಗೆ ಇದರಲ್ಲಿ ಒಂದನ್ನೂ ಕೈಯಾರೆ ಮಾಡುವ ಅವಕಾಶ ಸಿಕ್ಕಿಲ್ಲ.

ಹಾಗೆಂದು ಕೋಣೆಯಲ್ಲಿ ಕಿಟ್ ಜೋಡಿಸಿ ಪ್ರಸಾರ ಶುರುಮಾಡುವಂತಿಲ್ಲ. ಪರವಾನಗಿಯಿಲ್ಲದ ಪ್ರಸಾರ ಅಪರಾಧ. ಅದಕ್ಕೇ ನಾನು ಕೇಳುವುದು: ಪ್ರತಿ ಮರುಪ್ರಸಾರ ಕೇಂದ್ರವನ್ನೂ ಹತ್ತಿರದ ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಮತ್ತು ಪದವಿ ಕಾಲೇಜುಗಳ ಜೊತೆ ಜೋಡಿಸಿ. ತಾಂತ್ರಿಕ ವಿದ್ಯಾರ್ಥಿಗಳಿಗೆ ಅಲ್ಲಿ ವೇತನಸಹಿತ ತರಬೇತಿ ಸಿಗಲಿ. ಕನ್ನಡ, ಪತ್ರಿಕೋದ್ಯಮ ಓದುವವರು ಆ ಒಂದು ಗಂಟೆಯ ಕಾರ್ಯಕ್ರಮ ಮಾಡಲಿ. ಅವರ ಧ್ವನಿಯನ್ನು ಮೇಲಿನ ಕೇಂದ್ರದ ಅನುಭವಿಗಳು ತಿದ್ದಲಿ.

ಇದೇನೂ ಅಸಾಧ್ಯದ ಕನಸಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಆರಂಭಿಸಿದ್ದು 30 ವಾಟ್‌ನ ಪ್ರಸಾರಕದಿಂದ. ಇಂದಿನ ಮರುಪ್ರಸಾರ ಕೇಂದ್ರದ್ದು ಅದರ ಮೂರು ಪಟ್ಟು ಶಕ್ತಿ.

ಸದ್ಯಕ್ಕೆ ನಮ್ಮ ಮನೆಯಲ್ಲಿ ಕೃಷಿ ಕಾರ್ಯಕ್ರಮದ ಹೊತ್ತಿಗೆ ಪಡಸಾಲೆಯ ದೀಪ ಆರಿಸುತ್ತೇವೆ. ಅಜ್ಜ ಕತ್ತಲಲ್ಲೇ ಕೂತು ಕೇಳುತ್ತಾರೆ. ನಮ್ಮ ತಾಲ್ಲೂಕಿಗೂ ಒಂದು ಸಣ್ಣ ಎಫ್‌ಎಂ ಬಂದರೆ, ಅವರು ದೀಪ ಹಚ್ಚಿಕೊಂಡು ಧಾರವಾಡವನ್ನು ಕೇಳಬಹುದು. ಅದರ ಆಂಟೆನಾ ಕಟ್ಟುವಾಗ ಕೆಳಗೆ ನಿಂತು ಕೇಬಲ್ ಹಿಡಿಯಲು ನಾನು ಬರುತ್ತೇನೆ.