ರೆಫರಿ ಇಲ್ಲದ ಆಟ, ಆಟಗಾರರಿಲ್ಲದ ಸಭೆ

ತಾಲ್ಲೂಕು ಮಟ್ಟದ ಕಬಡ್ಡಿ ಫೈನಲ್ ನೋಡಿದವರಿಗೆ ಈ ದೃಶ್ಯ ಹೊಸದೇನಲ್ಲ. ಒಂದೇ ಒಂದು ಪಾಯಿಂಟಿಗೆ ಕೂಗಾಟ ಶುರುವಾಗುತ್ತದೆ. ಅಂಪೈರನ್ನು ಜನ ಮುತ್ತುತ್ತಾರೆ. ಮಕ್ಕಳಿಗೆ ಸಮಾಧಾನ ಹೇಳಬೇಕಾದ ಮೇಷ್ಟ್ರುಗಳೇ ತೋಳೇರಿಸಿ ನಿಲ್ಲುತ್ತಾರೆ. ಅಂಪೈರ್ ಇದ್ದೇ ಈ ಗತಿ. ಇಲ್ಲದಿದ್ದರೆ ಹೆಂಗೆ ಎಂದು ಕೇಳುವವರು 'ಅಲ್ಟಿಮೇಟ್' ಎಂಬ ಆಟವನ್ನು ಒಮ್ಮೆ ನೋಡಬೇಕು.

1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮೇಪಲ್‌ವುಡ್ ಊರಿನ ಕೊಲಂಬಿಯಾ ಹೈಸ್ಕೂಲಿನಲ್ಲಿ ಹುಡುಗರು ಕಟ್ಟಿದ ಆಟ ಇದು. ಬೇಕಾದ್ದು 175 ಗ್ರಾಂ ತೂಕದ ಒಂದು ಪ್ಲಾಸ್ಟಿಕ್ ತಟ್ಟೆ ಮತ್ತು ಮೈದಾನ, ಅಷ್ಟೆ. ಒಂದು ಕಡೆಗೆ ಏಳು ಜನ. ತಟ್ಟೆ ಹಿಡಿದವರು ಓಡುವ ಹಾಗಿಲ್ಲ. ಹತ್ತು ಎಣಿಸುವುದರೊಳಗೆ ಎಸೆಯಬೇಕು. ಎದುರಾಳಿಯ ಕಡೆಯ ಕೊನೆಯ ಅಂಕಣದಲ್ಲಿ ತಮ್ಮವರು ಹಿಡಿದರೆ ಒಂದು ಪಾಯಿಂಟ್. ಮಿಶ್ರ ವಿಭಾಗದಲ್ಲಿ ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಆಡುತ್ತಾರೆ. 2015ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಆಟದ ವಿಶ್ವ ಸಂಸ್ಥೆಗೆ ಮಾನ್ಯತೆ ಕೊಟ್ಟಿತು. ಬೆಂಗಳೂರಿನ ಮೈದಾನಗಳಲ್ಲೂ ಈ ತಟ್ಟೆ ಹಾರುತ್ತಿದೆ.

ವಿಶೇಷವೆಂದರೆ ವಿಶ್ವ ಪಂದ್ಯಾವಳಿಯಲ್ಲೂ ತೀರ್ಪು ಆಟಗಾರರದ್ದೇ. ಫೌಲ್ ಆಯಿತೆಂದರೆ ಆದವರೇ ಕೂಗಿ ಹೇಳಬೇಕು. ಎದುರಿನವರು ಒಪ್ಪಿದರೆ ಸರಿ. ಒಪ್ಪದಿದ್ದರೆ ಇಬ್ಬರೂ ನಿಂತು ಮಾತಾಡಬೇಕು. ಆಗಲೂ ಬಗೆಹರಿಯದಿದ್ದರೆ ಸಾಮಾನ್ಯವಾಗಿ ತಟ್ಟೆ ಎಸೆದವರ ಕೈಗೆ ವಾಪಸು ಹೋಗಿ ಆಟ ಮುಂದುವರಿಯುತ್ತದೆ. ಪಂದ್ಯ ಮುಗಿದ ಮೇಲೆ ಎದುರಾಳಿಯ ನಡತೆಗೆ ಅಂಕ ಕೊಡುವ ಪದ್ಧತಿಯೂ ಉಂಟು. ನಿಯಮದ ತಿಳಿವಳಿಕೆ, ಮೈಗೆ ಮೈ ತಾಗಿಸದಿರುವುದು, ನ್ಯಾಯಬುದ್ಧಿ, ಸಂಯಮ, ಮಾತುಕತೆ ಹೀಗೆ ಐದು ಬಾಬತ್ತು. ದುಡ್ಡಿನ ಆಟವಾದರೆ ಮಾತು ಬೇರೆ. 2012ರಲ್ಲಿ ಶುರುವಾದ ಅಮೆರಿಕದ ವೃತ್ತಿಪರ ಲೀಗ್ ರೆಫರಿಗಳನ್ನು ಇಟ್ಟುಕೊಂಡಿತು.

ಈ ಆಟದವರು ಕೋಚ್‌ಗಳಿಗೂ ಆಟಗಾರರಿಗೂ ಸೇರಿಸಿಯೇ ಸಮ್ಮೇಳನ ನಡೆಸುವುದುಂಟು. ಅದರ ಕಾರಣ ಇಲ್ಲೇ ಇದೆ. ತೀರ್ಪು ಹೇಳುವವನು ಆಟಗಾರನೇ ಆದಾಗ ಅವನನ್ನು ಹೊರಗಿಟ್ಟು ಕೋಚ್ ಒಬ್ಬರಿಗೇ ನಿಯಮ ಕಲಿಸಿ ಏನು ಪ್ರಯೋಜನ? ಎಸೆತ ಕಲಿಯುವಷ್ಟೇ ಜಗಳ ಬಗೆಹರಿಸುವುದನ್ನೂ ಕಲಿಯಬೇಕು.

ಇನ್ನು ಜಿಲ್ಲೆಯ ಕಡೆ ನೋಡೋಣ. ಕ್ರೀಡಾಕೂಟಕ್ಕೆ ಮುಂಚೆ ದೈಹಿಕ ಶಿಕ್ಷಕರ ಸಭೆ ಕರೆಯುತ್ತಾರೆ. ವೇಳಾಪಟ್ಟಿ ಹಂಚುವುದು, ಊಟದ ವ್ಯವಸ್ಥೆ, ವೇದಿಕೆಗೆ ಯಾರು ಯಾರು ಎಂಬ ಲೆಕ್ಕಾಚಾರ, ಕಡೆಗೆ ಕಾಫಿ. ಆಡುವ ಮಕ್ಕಳಿಗೆ ಅಲ್ಲಿ ಜಾಗವಿಲ್ಲ. ನಿಯಮ ಏನೆಂದು ಅವರಿಗೆ ತಿಳಿಯುವುದು ಅಂಪೈರ್ ಸೀಟಿ ಊದಿದಾಗಲೇ!

ಇದಕ್ಕೆ ಲಕ್ಷಗಟ್ಟಲೆ ಅನುದಾನ ಬೇಡ. ಕಬಡ್ಡಿ, ಖೋ ಖೋ ಪಂದ್ಯಗಳಿಗೆ ಒಂದು ವಾರ ಮುಂಚೆ ಪ್ರತಿ ತಾಲ್ಲೂಕಿನಲ್ಲಿ ಒಂದು ದಿನದ ಸಭೆ ಸಾಕು. ಶಾಲೆಗೊಬ್ಬ ಶಿಕ್ಷಕರು, ಹುಡುಗರ ತಂಡದ ಮತ್ತು ಹುಡುಗಿಯರ ತಂಡದ ಕ್ಯಾಪ್ಟನ್‌ಗಳು ಬರಲಿ. ಅಂಪೈರ್ ಆಗುವವರೂ ಅವರೊಟ್ಟಿಗೇ ಕೂರಲಿ. ಬೆಳಿಗ್ಗೆ ನಿಯಮ ಓದಲಿ, ಮಧ್ಯಾಹ್ನ ಅಂಪೈರ್ ಇಲ್ಲದೆ ಒಂದು ಪಂದ್ಯ ಆಡಿಸಿ ನೋಡಲಿ. ಶಿಕ್ಷಕರಿಗೆ ಓ.ಓ.ಡಿ., ಮಕ್ಕಳಿಗೆ ಬಸ್ ಚಾರ್ಜು ಮತ್ತು ಊಟ ಕೊಟ್ಟರೆ ಮುಗಿಯಿತು.

'ಇದೆಲ್ಲ ಹೇಳೋಕೆ ಚೆಂದ, ಹಳ್ಳಿ ಹುಡುಗರು ಕೇಳ್ತಾರಾ?' ಎನ್ನುವವರಿದ್ದಾರೆ. ಶಾಲೆ ಮೈದಾನದಲ್ಲಿ ಗೋಲಿ, ಲಗೋರಿ ಆಡುವ ಮಕ್ಕಳಿಗೆ ಯಾವ ಅಂಪೈರ್ ಇದ್ದ? ತಾವೇ ಔಟ್ ಎಂದು ಒಪ್ಪಿಕೊಂಡು ಪಕ್ಕಕ್ಕೆ ನಿಂತವರು ಅವರೇ. ಹಾಗಿದ್ದ ಮಕ್ಕಳಿಗೆ ಕಪ್ಪಿನ ಆಸೆ ಹಚ್ಚಿ ಜಗಳ ಕಲಿಸಿದವರು ದೊಡ್ಡವರು. ಕಲಿಸಿದ್ದನ್ನು ಬಿಡಿಸುವ ಹೊಣೆಯೂ ಅವರದೇ. ಶಿಕ್ಷಣ ಇಲಾಖೆ, ಕ್ರೀಡಾ ಇಲಾಖೆಯವರು ಇತ್ತ ಗಮನ ಹರಿಸುವರೇ?