‘ತುಂಬಲಾರದ ನಷ್ಟ’ವೆಂಬ ಮಾತು: ರಾಜು ಅನಂತಸ್ವಾಮಿಯವರ ನೆನಪಿನಲ್ಲಿ

ಅಕಾಲದಲ್ಲಿ ಅಗಲಿದ ಕಲಾವಿದನಿಗಾಗಿ ಸೇರುವ ಸಂತಾಪ ಸಭೆಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: ‘ಇದು ತುಂಬಲಾರದ ನಷ್ಟ.’ ಹಾಗೆ ನುಡಿಯುವವರ ದುಃಖ ಪ್ರಾಮಾಣಿಕವಾದುದೇ ಸರಿ. ಆದರೆ ಒಂದು ನಿಮಿಷದ ಮೌನ ಮುಗಿದು, ಹಾರ ಹಾಕಿದ ಭಾವಚಿತ್ರ ಗೋಡೆಯನ್ನು ಸೇರಿದ ಮೇಲೆ, ಅದೇ ಮಾತು ಉಳಿದವರನ್ನು ಹೊಣೆಯಿಂದ ಬಿಡಿಸುವ ಮಾತೂ ಆಗಿಬಿಡುತ್ತದೆ. ತುಂಬಲಾರದುದೆಂದು ಮೊದಲೇ ತೀರ್ಮಾನಿಸಿದುದನ್ನು ತುಂಬಲು ಯಾರು ತಾನೆ ಯತ್ನಿಸಿಯಾರು? ಈ ಮಾತಿನ ಸತ್ಯವೆಷ್ಟು, ಸಬೂಬೆಷ್ಟು ಎಂಬುದನ್ನು ವಿಚಾರಿಸಿ ನೋಡಲು ಸುಗಮ ಸಂಗೀತದ ಗಾಯಕ ರಾಜು ಅನಂತಸ್ವಾಮಿಯವರ ಬಾಳು ತಕ್ಕ ನಿದರ್ಶನವಾಗಿದೆ.

2009ರ ಜನವರಿಯಲ್ಲಿ ರಾಜು ಅನಂತಸ್ವಾಮಿಯವರು ತೀರಿಕೊಂಡಾಗ ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ. ಗಾಯಕನ ಕಂಠ ಹದಗೊಂಡು, ಅನುಭವ ಮಾಗಿ, ಶಿಷ್ಯರು ಒಬ್ಬೊಬ್ಬರಾಗಿ ಬೆಳೆದು ನಿಲ್ಲಬೇಕಾದ ವಯಸ್ಸು ಅದು. ಅವರ ತಂದೆ ಮೈಸೂರು ಅನಂತಸ್ವಾಮಿಯವರು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ನೆಲೆಸಿದರೂ ಹೆಸರಿನ ಹಿಂದೆ ಹುಟ್ಟೂರನ್ನು ಕೊನೆಯವರೆಗೂ ಉಳಿಸಿಕೊಂಡವರು. 1995ರ ಜನವರಿಯಲ್ಲಿ ತಂದೆ ಕಾಲವಾದಾಗ ಮಗ ಇನ್ನೂ ಇಪ್ಪತ್ತರ ಹರೆಯದ ತರುಣ. ತಂದೆಯ ಹಾಡಿನ ಭಾರ ಆ ಎಳೆಯ ಹೆಗಲಿಗೆ ಬಂದಿತು.

ಆ ಭಾರ ಸಾಮಾನ್ಯವಾದುದಾಗಿರಲಿಲ್ಲ. ಪುಸ್ತಕದ ಪುಟಗಳಲ್ಲಿದ್ದ ಕನ್ನಡ ಕವಿತೆಯನ್ನು ಮನೆಮನೆಯ ನಾಲಿಗೆಗೆ ತಂದ ಕೆಲವೇ ಮಹನೀಯರಲ್ಲಿ ಮೈಸೂರು ಅನಂತಸ್ವಾಮಿಯವರು ಒಬ್ಬರು. ಕುವೆಂಪು, ಜಿ. ಪಿ. ರಾಜರತ್ನಂ, ಜಿ. ಎಸ್. ಶಿವರುದ್ರಪ್ಪ, ಕೆ. ಎಸ್. ನಿಸಾರ್ ಅಹಮದ್ ಮೊದಲಾದವರ ಕವಿತೆಗಳಿಗೆ ಅವರು ಕೂಡಿಸಿದ ಧಾಟಿಗಳು ಕವಿತೆಯಿಂದ ಬೇರ್ಪಡಿಸಲಾಗದಷ್ಟು ಬೆರೆತುಹೋಗಿವೆ. 1978ರಲ್ಲಿ ಅವರ ಸಂಗೀತದಲ್ಲಿ ಹೊರಬಂದ ನಿಸಾರ್ ಅಹಮದರ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊತ್ತಮೊದಲ ಧ್ವನಿಸುರುಳಿ ಎಂದು ಪ್ರಸಿದ್ಧವಾಗಿದೆ.

ಮಗನು ಈ ಆಸ್ತಿಯನ್ನು ಹೆಸರಿಗೆ ಮಾತ್ರ ಅನುಭವಿಸಲಿಲ್ಲ. ಹಾಡಿದರು, ಹಾಡಿ ಕಲಿಸಿದರು. ರಾಜರತ್ನಂ ಅವರ ‘ರತ್ನನ ಪದಗಳು’ ಎಂದೊಡನೆ ಕೇಳುಗರಿಗೆ ರಾಜು ಅವರ ಕಂಠವೇ ನೆನಪಾಗುವಷ್ಟು ಅವುಗಳಲ್ಲಿ ಅವರು ತಾದಾತ್ಮ್ಯ ಹೊಂದಿದ್ದರು. ಆ ಪದಗಳನ್ನು ಹಾಡುವುದು ಸುಲಭವಲ್ಲ. ಕುಡುಕನ ತೊದಲು ನುಡಿಯನ್ನು ಅಣಕವಾಗಿಸಿದರೆ ಸಭೆ ನಕ್ಕು ಮರೆಯುತ್ತದೆ; ನಗೆಯ ಅಡಿಯಲ್ಲಿರುವ ಬಡತನ, ಪ್ರೀತಿ, ನುಡಿಯಭಿಮಾನಗಳು ಕಾಣುವಂತೆ ಹಾಡಿದರೆ ಮಾತ್ರ ಸಭೆ ನಕ್ಕು ಮೌನವಾಗುತ್ತದೆ. ಈ ಹದವನ್ನು ಯಾವ ಸ್ವರಲಿಪಿಯೂ ಹಿಡಿದಿಡಲಾರದು.

ಸುಗಮ ಸಂಗೀತದ ಶಿಕ್ಷಣದ ತಿರುಳೇ ಇಲ್ಲಿದೆ. ಶಾಸ್ತ್ರೀಯ ಸಂಗೀತಕ್ಕೆ ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣಗಳೆಂಬ ಮೆಟ್ಟಿಲುಗಳಿವೆ. ಭಾವಗೀತೆಗೆ ಅಂತಹ ನಿಶ್ಚಿತ ಪಾಠಕ್ರಮವಿಲ್ಲ. ಇಲ್ಲಿ ಸ್ವರವು ಪದದ ಸೇವೆಗೆ ನಿಂತಿರುತ್ತದೆ. ಯಾವ ಪದದ ಬಳಿ ಉಸಿರು ತೆಗೆದುಕೊಳ್ಳಬೇಕು, ಯಾವ ಅಕ್ಷರಕ್ಕೆ ಒತ್ತು ಕೊಟ್ಟರೆ ಅರ್ಥ ಕೆಡುತ್ತದೆ, ಅಲ್ಪಪ್ರಾಣ ಮಹಾಪ್ರಾಣಗಳನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಗುರುವು ಎದುರಿಗೆ ಕುಳಿತು ತಿದ್ದಿಯೇ ಕಲಿಸಬೇಕು. ಧ್ವನಿಮುದ್ರಿಕೆ ಧಾಟಿಯನ್ನು ಉಳಿಸುತ್ತದೆ. ಆದರೆ ತಪ್ಪು ಹಾಡಿದ ಮಗುವನ್ನು ಅದು ತಡೆದು ನಿಲ್ಲಿಸುವುದಿಲ್ಲ. ಆದುದರಿಂದಲೇ ಇಂತಹ ಪರಂಪರೆಯಲ್ಲಿ ತರುಣ ಗುರುವೊಬ್ಬನ ಮರಣವೆಂದರೆ ಎರಡು ನಷ್ಟಗಳು ಒಟ್ಟಿಗೆ ಬಂದಂತೆ. ಒಂದು, ಒಬ್ಬ ಗಾಯಕನ ನಷ್ಟ. ಇನ್ನೊಂದು, ಅವನ ಮುಂದೆ ಕುಳಿತು ಕಲಿಯಬೇಕಾಗಿದ್ದ ಒಂದು ಪೀಳಿಗೆಯ ನಷ್ಟ. ಮೊದಲನೆಯದು ನಿಜಕ್ಕೂ ತುಂಬಲಾರದ್ದು. ಎರಡನೆಯದು ಹಾಗಲ್ಲ.

ಆ 2009ನೆಯ ವರ್ಷವು ಕನ್ನಡ ಸಂಗೀತಕ್ಕೆ ಕಠಿಣವಾದುದಾಗಿತ್ತು. ಜನವರಿಯಲ್ಲಿ ರಾಜು ಹೋದರು. ಜುಲೈನಲ್ಲಿ ಗಂಗೂಬಾಯಿ ಹಾನಗಲ್ ಅವರು ತುಂಬು ಬಾಳನ್ನು ಮುಗಿಸಿದರು. ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನದಂದೇ, ಸಿ. ಅಶ್ವತ್ಥ್ ಕಣ್ಮರೆಯಾದರು. ಅದೇ ವರ್ಷದ ಅಧಿನಿಯಮದಿಂದ ಗಂಗೂಬಾಯಿಯವರ ಹೆಸರಿನ ಸಂಗೀತ ವಿಶ್ವವಿದ್ಯಾನಿಲಯ ಮೈಸೂರಿಗೆ ದೊರೆತುದು ಸಮಾಧಾನದ ಸಂಗತಿ. ಆದರೆ ವಿಶ್ವವಿದ್ಯಾನಿಲಯದ ಬಾಗಿಲು ತಟ್ಟುವ ತರುಣನು ಹತ್ತನೆಯ ವಯಸ್ಸಿನಲ್ಲಿಯೇ ಎಲ್ಲೋ ಶ್ರುತಿ ಹಿಡಿಯಲು ಕಲಿತಿರಬೇಕಲ್ಲವೆ? ಆ ‘ಎಲ್ಲೋ’ ಎಂಬುದು ಶಾಲೆಯಲ್ಲದೆ ಬೇರೆಯಲ್ಲ.

ಶಾಲೆಗಳ ಸ್ಥಿತಿಯಾದರೂ ಹೇಗಿದೆ? ಕುವೆಂಪು ಅವರ ಗೀತೆಯನ್ನು ಸರ್ಕಾರ 2004ರಲ್ಲಿ ನಾಡಗೀತೆಯೆಂದು ಘೋಷಿಸಿತು. ಅದನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡುಗಳ ಅವಧಿಯಲ್ಲಿ ಹಾಡಬೇಕೆಂಬ ಆದೇಶ ಹೊರಬಿದ್ದುದು 2022ರಲ್ಲಿ. ಆ ದಿನವನ್ನು ಕಾಣಲು ತಂದೆಯೂ ಇರಲಿಲ್ಲ, ಮಗನೂ ಇರಲಿಲ್ಲ. ಇಂದು ಎಷ್ಟೋ ಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲಿ ಧ್ವನಿವರ್ಧಕ ಹಾಡುತ್ತದೆ, ಮಕ್ಕಳು ತುಟಿಯಾಡಿಸುತ್ತಾರೆ. ಧಾಟಿಗೆ ಸರ್ಕಾರದ ಮುದ್ರೆ ಬಿದ್ದಿದೆ. ಅದನ್ನು ಮಗುವಿನ ಕೊರಳಿಗೆ ಇಳಿಸುವ ಗುರು ಮಾತ್ರ ಇಲ್ಲ.

ಮಠಗಳ ಪರಂಪರೆ ಈ ಕೊರತೆಗೆ ಉತ್ತರವನ್ನು ಬಹಳ ಹಿಂದೆಯೇ ತೋರಿಸಿಕೊಟ್ಟಿದೆ. ಹಾನಗಲ್ಲ ಕುಮಾರ ಶಿವಯೋಗಿಗಳು ಕಣ್ಣಿಲ್ಲದ ಬಾಲಕನೊಬ್ಬನ ಕಂಠವನ್ನು ಗುರುತಿಸಿ, ಅವನಿಗೆ ಸಂಗೀತ ಶಿಕ್ಷಣ ಕೊಡಿಸಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳಾದರು. ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುತ್ತಿದ್ದ ಅವರ ಪಾಠಶಾಲೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಯೂರಿತು. 1944ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಗವಾಯಿಗಳು ಲಿಂಗೈಕ್ಯರಾದರು. ಅಂದೂ ‘ತುಂಬಲಾರದ ನಷ್ಟ’ ಎಂದು ಕೈಚೆಲ್ಲಬಹುದಾಗಿತ್ತು. ಆದರೆ ಮೂವತ್ತರ ಹರೆಯದ ಶಿಷ್ಯ ಪುಟ್ಟರಾಜ ಗವಾಯಿಗಳು ಹೊಣೆ ಹೊತ್ತರು. 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ, ಆರು ದಶಕಗಳಿಗೂ ಮೀರಿ, ಅಂಧ ಅನಾಥ ಮಕ್ಕಳಿಗೆ ಅನ್ನದೊಡನೆ ನಾದವನ್ನೂ ಉಣಿಸಿದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯವರಂತಹ ಗಾಯಕರು ಆ ಗುರುಕುಲದ ಫಲಗಳು.

ಗದಗಿನಲ್ಲಿ ಗುರುವಿನ ಬೆನ್ನಿಗೆ ಒಂದು ಸಂಸ್ಥೆಯಿತ್ತು, ಸಂಸ್ಥೆಯ ಬೆನ್ನಿಗೆ ಭಕ್ತರ ಜೋಳಿಗೆಯಿತ್ತು. ಗುರು ಹೋದರೂ ಪಾಠ ನಿಲ್ಲಲಿಲ್ಲ. ಭಾವಗೀತೆಯ ಕ್ಷೇತ್ರದಲ್ಲಿ ಎಲ್ಲವೂ ಬಹುಮಟ್ಟಿಗೆ ವ್ಯಕ್ತಿಯ ಕಂಠವನ್ನೇ ಅವಲಂಬಿಸಿದೆ. ಕಂಠ ನಿಂತಾಗ ಪಾಠಕ್ಕೂ ಕುತ್ತು ಬರುತ್ತದೆ. ಇದು ಕಲಾವಿದರ ದೋಷವಲ್ಲ. ಅವರ ಹಾಡಿಗೆ ತಲೆದೂಗಿ ಮನೆಗೆ ಹೋದ ಸಮಾಜದ ದೋಷ.

ಪರೀಕ್ಷೆ, ಅಂಕ, ಫಲಿತಾಂಶಗಳ ಒತ್ತಡದಲ್ಲಿ ಹಾಡಿಗೆ ಅವಧಿಯೆಲ್ಲಿ ಎಂದು ಅಧ್ಯಾಪಕರು ಕೇಳಬಹುದು. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಕವಿತೆಯನ್ನು ಹಾಡಿ ಕಲಿತ ಮಗುವಿಗೆ ಅದನ್ನು ಬಾಯಿಪಾಠ ಮಾಡಿಸಬೇಕಾಗುವುದಿಲ್ಲವೆಂಬುದನ್ನು ಅನುಭವವುಳ್ಳ ಕನ್ನಡ ಅಧ್ಯಾಪಕರೆಲ್ಲರೂ ಬಲ್ಲರು. ಇನ್ನು ದಾನಿಗಳ ಮಾತು. ಕೊಠಡಿ ಕಟ್ಟಿಸಿದರೆ ಕಲ್ಲಿನ ಮೇಲೆ ಹೆಸರು ನಿಲ್ಲುತ್ತದೆ. ಸಂಗೀತದ ಅಧ್ಯಾಪಕರ ಸಂಬಳಕ್ಕೆ ದತ್ತಿ ಇಟ್ಟರೆ ಹೆಸರು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಡೆಸಿಕೊಂಡು ಬಂದ ಪರಂಪರೆಗೆ ನಾದದಾಸೋಹ ಅಪರಿಚಿತವಲ್ಲವೆಂಬುದಕ್ಕೆ ಗದಗವೇ ಸಾಕ್ಷಿ.

ಬೇಕಾಗಿರುವುದು ಬಹಳವಿಲ್ಲ. ಒಂದು ಹಾರ್ಮೋನಿಯಂ, ಒಂದು ಜೊತೆ ತಬಲ, ಪ್ರತಿ ತರಗತಿಗೂ ವಾರಕ್ಕೊಂದು ಅವಧಿ, ಕಾಯಂ ಸಂಬಳವುಳ್ಳ ಒಬ್ಬ ಗುರು. ಹಾಡಬಲ್ಲ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಬಂದು ಮಕ್ಕಳೊಡನೆ ಕುಳಿತರೆ ಅದು ಎಲ್ಲ ದೇಣಿಗೆಗಿಂತಲೂ ದೊಡ್ಡದು. ರಾಜು ಅನಂತಸ್ವಾಮಿಯವರ ಕಂಠ ಮರಳಿ ಬಾರದು. ಆ ನಷ್ಟವನ್ನು ತುಂಬುವವರಿಲ್ಲ. ಆದರೆ ಮೈಸೂರಿನ ಒಂದು ಶಾಲೆಯಲ್ಲಿ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ, ಧ್ವನಿವರ್ಧಕವನ್ನು ನಿಲ್ಲಿಸಿ ಮಕ್ಕಳು ತಾವೇ ಶ್ರುತಿಬದ್ಧವಾಗಿ ನಾಡಗೀತೆಯನ್ನು ಹಾಡಿದ ದಿನ, ತಂದೆಗೂ ಮಗನಿಗೂ ಸಲ್ಲಬೇಕಾದ ಶ್ರದ್ಧಾಂಜಲಿ ಸಂದಂತಾಗುತ್ತದೆ.