ಲೆಕ್ಕಪತ್ರಗಳ ಪ್ರತಿಗೆ ಯಾವ ಡಿಸ್ಕ್ ಯೋಗ್ಯ?

ದೀಪಾವಳಿಯ ಲಕ್ಷ್ಮೀಪೂಜೆಯಂದು ಕೀರ್ದಿ, ಖತಾವಣಿ ಪುಸ್ತಕಗಳಿಗೆ ಅರಿಶಿನ ಕುಂಕುಮ ಏರಿಸುವುದು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಪೇಟೆಗಳ ವರ್ತಕರಲ್ಲಿ ನಡೆದುಬಂದ ಪದ್ಧತಿ. ಈಗ ಅದೇ ಪೂಜೆಯಲ್ಲಿ ಗಣಕಯಂತ್ರಕ್ಕೂ ಪಾಲು ದೊರೆತಿದೆ. ಉದ್ದರಿ ಬಾಕಿ, ಸರಕಿನ ದಾಸ್ತಾನು, ಬಿಲ್ಲುಗಳು, ತೆರಿಗೆಯ ಲೆಕ್ಕ ಎಲ್ಲವೂ ಆ ಪೆಟ್ಟಿಗೆಯನ್ನೇ ಸೇರಿವೆ. ಹಳೆಯ ಪುಸ್ತಕವನ್ನು ಗೆದ್ದಲು ತಿಂದರೂ ನಾಲ್ಕು ಹಾಳೆಯಾದರೂ ಉಳಿಯುತ್ತಿದ್ದವು. ಹಾರ್ಡ್ ಡಿಸ್ಕ್ ಕೆಟ್ಟರೆ ಒಂದಕ್ಷರವೂ ಉಳಿಯದಿರಬಹುದು. ಆದ್ದರಿಂದ ಪ್ರತಿ ಯಾವುದರ ಮೇಲೆ ಇರಬೇಕೆಂಬ ಪ್ರಶ್ನೆಯನ್ನು ಗಣಕಯಂತ್ರ ದುರಸ್ತಿ ಮಾಡುವವನಿಗೆ ಬಿಟ್ಟು ಸುಮ್ಮನಿರುವುದು ವ್ಯಾಪಾರಸ್ಥನಿಗೆ ತಕ್ಕುದಲ್ಲ.

ಇದು ಇಚ್ಛೆಗೆ ಬಿಟ್ಟ ವಿಷಯವೂ ಅಲ್ಲ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೆಯ ಕಲಮಿನ ಪ್ರಕಾರ, ವಾರ್ಷಿಕ ವಿವರಪತ್ರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. 2023-24ನೆಯ ಸಾಲಿನ ವಿವರಪತ್ರಕ್ಕೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು; ಹಾಗಾಗಿ ಆ ಸಾಲಿನ ಲೆಕ್ಕ 2030ರ ಡಿಸೆಂಬರ್ 31ರವರೆಗೆ ಇರಲೇಬೇಕು. 2023ರ ಏಪ್ರಿಲ್‌ನ ಒಂದು ಬಿಲ್ಲು ಏಳೂವರೆ ವರ್ಷಕ್ಕೂ ಹೆಚ್ಚು ಕಾಲ ಬಾಳಬೇಕೆಂದು ಇದರರ್ಥ. ಮೇಲ್ಮನವಿ ಬಾಕಿಯಿದ್ದರೆ ಅವಧಿ ಇನ್ನೂ ಬೆಳೆಯಬಹುದು. ವಿದ್ಯುನ್ಮಾನ ರೂಪದ ಲೆಕ್ಕಗಳಿಗೆ ಸರಿಯಾದ ಬ್ಯಾಕಪ್ ಇರಬೇಕೆಂದೂ, ಅಪಘಾತ ಅಥವಾ ಪ್ರಕೃತಿ ವಿಕೋಪದಿಂದ ಮೂಲ ನಾಶವಾದರೆ ಅದರಿಂದ ಮಾಹಿತಿಯನ್ನು ಮರಳಿ ಪಡೆಯುವಂತಿರಬೇಕೆಂದೂ 2017ರ ನಿಯಮಾವಳಿಯ 57ನೆಯ ನಿಯಮ ವಿಧಿಸುತ್ತದೆ. ಪ್ರಕೃತಿ ವಿಕೋಪವೆಂಬುದು ಈ ಭಾಗದವರಿಗೆ ಕೇವಲ ಕಾನೂನಿನ ಮಾತಲ್ಲ. 2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿ ಹರಿದುದು ಹಾನಗಲ್, ಸವಣೂರು ಭಾಗದ ಜನರಿಗೆ ನೆನಪಿದೆ.

ಪೆನ್ ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್, ಅಂತರಜಾಲದ ಸಂಗ್ರಹ ಇಷ್ಟೆಲ್ಲ ಇರುವಾಗ ಸಿ.ಡಿ., ಡಿ.ವಿ.ಡಿ.ಗಳ ಮಾತೇಕೆ ಎಂದು ಕೇಳುವವರುಂಟು. ದಿನನಿತ್ಯದ ಪ್ರತಿಗೆ ಅವೇ ಅನುಕೂಲವೆಂಬುದು ನಿಜ. ಆದರೆ ಅವೆಲ್ಲಕ್ಕೂ ಒಂದು ಸಮಾನ ದೋಷವಿದೆ: ಬರೆದದ್ದನ್ನು ಅಳಿಸಬಹುದು, ಬದಲಿಸಬಹುದು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸು ಹೊಕ್ಕರೆ, ಆ ಹೊತ್ತಿಗೆ ಜೋಡಿಸಿಟ್ಟಿದ್ದ ಹಾರ್ಡ್ ಡಿಸ್ಕನ್ನೂ ಕೆಡಿಸಬಲ್ಲದು. ಕೆಲಸದವನು ಕೈತಪ್ಪಿ ಅಳಿಸಿದ ಕಡತ ಅಂತರಜಾಲದ ಪ್ರತಿಯಲ್ಲೂ ಅಳಿಸಿಹೋಗಬಹುದು. ಒಮ್ಮೆ ಬರೆದು ಮುಚ್ಚಿದ ಡಿಸ್ಕನ್ನು ಮಾತ್ರ ಯಾವ ವೈರಸ್ಸೂ ತಿದ್ದಲಾರದು. ಆದ್ದರಿಂದ ಮಾರ್ಚ್ ಕೊನೆಗೆ ಮುಗಿದ ವರ್ಷದ ಲೆಕ್ಕವನ್ನು ಶಾಶ್ವತವಾಗಿ ತೆಗೆದಿರಿಸಲು ಡಿಸ್ಕಿಗೆ ಇಂದಿಗೂ ಸ್ಥಾನವಿದೆ.

ಈ ಕಾರಣದಿಂದಲೇ ಮೊದಲ ಆಯ್ಕೆ ಸ್ಪಷ್ಟವಾಗುತ್ತದೆ. ಹೆಸರಿನ ಕೊನೆಗೆ ‘ಆರ್’ ಎಂದಷ್ಟೇ ಇರುವ, ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕನ್ನೇ ಕೊಳ್ಳಬೇಕು. ‘ಆರ್‌ಡಬ್ಲ್ಯು’ ಎಂದಿರುವುದನ್ನು ಅಳಿಸಿ ಮತ್ತೆ ಬರೆಯಬಹುದೆಂಬ ಮಿತವ್ಯಯದ ಆಸೆಯಿಂದ ಕೊಂಡರೆ ಡಿಸ್ಕಿನ ಮುಖ್ಯ ಗುಣವನ್ನೇ ಕಳೆದುಕೊಂಡಂತೆ. ಅಳತೆಯ ವಿಷಯದಲ್ಲಿ, ಸಿ.ಡಿ. ಹಿಡಿಯುವುದು 700 ಎಂ.ಬಿ.; ಬಹುತೇಕ ಸಣ್ಣ ಅಂಗಡಿಗಳ ಒಂದು ವರ್ಷದ ಲೆಕ್ಕಕ್ಕೆ ಅದೇ ಸಾಕಾದೀತು. ಬಿಲ್ಲುಗಳ ಚಿತ್ರ, ಯಂತ್ರಭಾಗಗಳ ನಕ್ಷೆ ಇಟ್ಟುಕೊಳ್ಳುವ ಕಾರ್ಖಾನೆಗೆ 4.7 ಜಿ.ಬಿ.ಯ ಡಿ.ವಿ.ಡಿ. ಬೇಕು. ತಯಾರಕರು ಸಾವಿರದ ಲೆಕ್ಕದಲ್ಲಿ, ಗಣಕಯಂತ್ರವು 1,024ರ ಲೆಕ್ಕದಲ್ಲಿ ಎಣಿಸುವುದರಿಂದ ಪರದೆಯ ಮೇಲೆ ಇದು ಸುಮಾರು 4.37 ಎಂದು ಕಾಣಿಸುತ್ತದೆ. ಅಂಗಡಿಯವನು ಮೋಸಮಾಡಿದನೆಂದು ಭಾವಿಸಬೇಕಾಗಿಲ್ಲ.

ಗುಣಮಟ್ಟದ ವಿಷಯ ಇದಕ್ಕಿಂತ ಮುಖ್ಯ. ಸಾಮಾನ್ಯ ಸಿ.ಡಿ., ಡಿ.ವಿ.ಡಿ.ಗಳಲ್ಲಿ ಅಕ್ಷರ ಮೂಡುವುದು ಸಾವಯವ ಬಣ್ಣದ ತೆಳುಪದರದ ಮೇಲೆ. ಬಿಸಿಲು, ಸೆಕೆ, ತೇವ ಆ ಬಣ್ಣದ ಶತ್ರುಗಳು. ಸಿ.ಡಿ.ಯಲ್ಲಿ ಈ ಪದರ ಇರುವುದು ಹೆಸರು ಬರೆಯುವ ಮೇಲ್ಮೈಯ ಕೆಳಗೇ. ಅದರ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಲೆಕ್ಕಕ್ಕೇ ಗೀರು ಬೀಳುತ್ತದೆ. ಡಿ.ವಿ.ಡಿ.ಯಲ್ಲಿ ಅದು ಎರಡು ಪ್ಲಾಸ್ಟಿಕ್ ಹಲ್ಲೆಗಳ ನಡುವೆ ಇರುವುದರಿಂದ ಗೀರಿನ ಭಯ ಕಡಿಮೆ. ಸಾವಯವ ಬಣ್ಣವೇ ಇಲ್ಲದ ಎಂ-ಡಿಸ್ಕ್ ಹೆಚ್ಚು ಬಾಳಿಕೆಗೆಂದು ರೂಪಿಸಿದ್ದು. ಅದಕ್ಕೆ ಬೆಲೆ ಹೆಚ್ಚು, ಡಿ.ವಿ.ಡಿ. ರೂಪದ್ದಕ್ಕೆ ತಕ್ಕ ರೈಟರೂ ಬೇಕು. ಪೊಟ್ಟಣದ ಮೇಲಿನ ದೀರ್ಘಾಯುಷ್ಯದ ಭರವಸೆಯನ್ನೇ ನಂಬಬಾರದು. 10, 25 ವರ್ಷ ಎಂದು ಪ್ರಕಟವಾಗಿದ್ದರೂ ಅನುಭವದಲ್ಲಿ ಬಾಳಿಕೆ 2ರಿಂದ 5 ವರ್ಷವೆಂದು ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಎಚ್ಚರಿಸಿದೆ. ಕಾನೂನು ಕೇಳುವ ಅವಧಿಗೆ ಒಂದೇ ಡಿಸ್ಕನ್ನು ನೆಚ್ಚಲಾಗದೆಂಬುದಕ್ಕೆ ಈ ಮಾತೇ ಸಾಕು.

ಹೀಗಾಗಿ ಕೊಳ್ಳುವಾಗ ತೋರಿದ ವಿವೇಕ ಕೊಂಡ ಮೇಲೂ ಮುಂದುವರಿಯಬೇಕು. ಬೇರೆ ಬೇರೆ ತಯಾರಕರ ಎರಡು ಡಿಸ್ಕುಗಳಲ್ಲಿ ಒಂದೇ ಲೆಕ್ಕವನ್ನು ಬರೆಯಬೇಕು; ಒಬ್ಬನ ಸರಕು ಕೆಟ್ಟರೆ ಇನ್ನೊಬ್ಬನದು ಉಳಿದೀತು. ಬರೆದ ಕೂಡಲೆ ಬೇರೊಂದು ಗಣಕಯಂತ್ರದಲ್ಲಿ ತೆರೆದು, ಲೆಕ್ಕದ ತಂತ್ರಾಂಶಕ್ಕೆ ಮರಳಿ ತುಂಬಿ, ಅಖೈರು ಶಿಲ್ಕು ತಾಳೆಯಾಗುವುದೇ ಎಂದು ನೋಡಬೇಕು. ಒಂದು ಪ್ರತಿ ಅಂಗಡಿಯ ತಿಜೋರಿಯಲ್ಲಿರಲಿ. ಇನ್ನೊಂದು ಬೇರೆ ಊರಿನಲ್ಲಿರಲಿ. ಹಾನಗಲ್ಲಿನ ಅಡತಿ ವ್ಯಾಪಾರಿಯ ಪ್ರತಿ ಶಿಗ್ಗಾಂವಿಯ ಬೀಗರ ಮನೆಯಲ್ಲಿ, ಸವಣೂರಿನ ಎಲೆ ವ್ಯಾಪಾರಿಯದು ಹಿರೇಕೆರೂರಿನ ನಂಟರಲ್ಲಿ ಇದ್ದರೆ ಒಂದು ಊರಿನ ನೆರೆ ಅಥವಾ ಬೆಂಕಿಗೆ ಎರಡೂ ಆಹುತಿಯಾಗುವುದಿಲ್ಲ. ಪರರ ಕೈಗೆ ಹೋಗುವ ಪ್ರತಿಗೆ ಗುಪ್ತಪದದ ರಕ್ಷಣೆಯಿರಲಿ. ಆ ಗುಪ್ತಪದ ಮನೆಯವರಲ್ಲಿ ಇನ್ನೊಬ್ಬರಿಗಾದರೂ ತಿಳಿದಿರಲಿ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಡಿಸ್ಕ್ ತಯಾರಕರಲ್ಲಿ ಒಂದಾಗಿದ್ದ ನಮ್ಮ ದೇಶದ ಮೋಸರ್ ಬೇರ್ 2018ರಲ್ಲಿ ಸಮಾಪನಕ್ಕೆ ಗುರಿಯಾಯಿತು. ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಅಪರೂಪವಾಗಿದೆ. ಡಿಸ್ಕು ಚೆನ್ನಾಗಿದ್ದು ಓದುವ ಯಂತ್ರವಿಲ್ಲದಿದ್ದರೆ, ಬೀಗದ ಕೈ ಕಳೆದ ತಿಜೋರಿಯಂತೆಯೇ ಸರಿ. ಯು.ಎಸ್.ಬಿ. ತಂತಿಯಿಂದ ಜೋಡಿಸುವ ಡಿ.ವಿ.ಡಿ. ರೈಟರ್ ಇನ್ನೂ ದೊರೆಯುತ್ತಿರುವಾಗಲೇ ಒಂದನ್ನು ಕೊಂಡಿಡುವುದು ಜಾಣತನ. 2005ರ ಏಪ್ರಿಲ್‌ನಲ್ಲಿ ವ್ಯಾಟ್ ಬಂದ ಕಾಲದಿಂದ ಕಪಾಟಿನಲ್ಲಿ ಬಿದ್ದಿರುವ ಡಿಸ್ಕುಗಳಲ್ಲಿ ಜಮೀನು, ಸಾಲ, ಪಾಲುದಾರಿಕೆ, ತಕರಾರಿಗೆ ಸಂಬಂಧಿಸಿದ ಕಾಗದಗಳಿದ್ದರೆ ಅವನ್ನು ಈಗಲೇ ಓದಿ ಹೊಸದಕ್ಕೆ ಇಳಿಸಿಕೊಳ್ಳಬೇಕು.

ಒಬ್ಬೊಬ್ಬರೇ ಮಾಡಲು ಬೇಸರವೆನಿಸುವ ಈ ಕೆಲಸವನ್ನು ನಾಲ್ಕೂ ಪಟ್ಟಣಗಳ ವರ್ತಕರ ಸಂಘಗಳು ಕೈಗೆತ್ತಿಕೊಳ್ಳುವುದು ಉಚಿತ. ಸಂಘಕ್ಕೊಂದು ರೈಟರ್ ಕೊಂಡು, ವರ್ಷಕ್ಕೊಂದು ದಿನ ನಿಗದಿಮಾಡಿ, ಸದಸ್ಯರು ತಮ್ಮ ಡಿಸ್ಕುಗಳನ್ನು ತಂದು ಪರೀಕ್ಷಿಸಿಕೊಳ್ಳುವ ಏರ್ಪಾಡಾದರೆ ಖರ್ಚು ಅಲ್ಪ, ಪ್ರಯೋಜನ ಅಪಾರ. ಲಕ್ಷ್ಮೀಪೂಜೆಗೆ ಮುಂಚಿನ ವಾರವೇ ಅದಕ್ಕೆ ತಕ್ಕ ಕಾಲ. ಪೂಜೆಗೆ ಇಡುವ ಲೆಕ್ಕ ಓದಲು ಬರುವಂಥದ್ದೆಂಬ ನೆಮ್ಮದಿಯಾದರೂ ವರ್ತಕನಿಗೆ ಇರಬೇಕಲ್ಲವೆ?